ನೆಂಟರ ಸ್ಟೂಲು

ಗಿಟಾರು ಮುರಿದದ್ದು ತಮ್ಮನ ಕೈ ಮೇಲೆ. ಗೋಡೆಗೆ ಬಡಿದಿದ್ದರೆ ಗಿಟಾರು ಮಾತ್ರ ಹೋಗುತ್ತಿತ್ತು. ಅಣ್ಣ ಗುರಿಯಿಟ್ಟೇ ಹೊಡೆದ.

ಹೋಟೆಲಿನ ಹಿಂದಿನ ಹಾಲು. ಜನ ಗ್ಲಾಸು ಹಿಡಿದು ಕೇಳುತ್ತಿದ್ದರು. ಡ್ರಮ್ಮು ಬಾರಿಸುತ್ತಿದ್ದ ತಮ್ಮ ಹಾಡಿನ ನಡುವೆ ಒಂದು ಕಡೆ ತಾಳ ಓಡಿಸಿದ. ಯಾವಾಗಲೂ ಅದೇ ಕಡೆ ಓಡಿಸುತ್ತಿದ್ದ. ಬೇಡ ಬೇಡವೆಂದು ಅಣ್ಣ ಎಷ್ಟೋ ಸಲ ಹೇಳಿದ್ದ. ಆ ದಿನ ಹೇಳಲಿಲ್ಲ. ತಿರುಗಿದ, ಕುತ್ತಿಗೆಯಿಂದ ಗಿಟಾರು ತೆಗೆದ, ಎರಡು ಕೈಯಲ್ಲೂ ಹಿಡಿದು ಬೀಸಿದ. ತಮ್ಮ ತಲೆ ಉಳಿಸಿಕೊಳ್ಳಲು ಎಡಗೈ ಅಡ್ಡ ಕೊಟ್ಟ. ಮೂಳೆ ಮುರಿದ ಸದ್ದು ಮೈಕಿನಲ್ಲಿ ಕೇಳಿತು. ಅದೂ ಹಾಡಿನದೇ ಇರಬೇಕೆಂದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಅಣ್ಣನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಮದುವೆಯಾದ ಹೊಸತು. ಮೈದುನನನ್ನು ಆಸ್ಪತ್ರೆಗೆ ಸಾಗಿಸಿ ಮನೆಗೆ ಬಂದು, ಬಟ್ಟೆಗೆ ಹತ್ತಿದ ರಕ್ತವನ್ನು ತಣ್ಣೀರಿನಲ್ಲಿ ತಿಕ್ಕಿದಳು. ಎಂಥವನನ್ನು ಕಟ್ಟಿಕೊಂಡೆ ಎಂದು ಅವಳಿಗೆ ಗೊತ್ತಾದದ್ದು ಆ ಬಕೆಟ್ಟಿನ ಮುಂದೆ.

ತಮ್ಮನ ಕೈ ಸೊಟ್ಟಗೆ ಕೂಡಿಕೊಂಡಿತು. ಅವನು ಊರಿನ ಆಚೆ ತುದಿಗೆ ಹೋಗಿ ಲೇತ್ ಮೆಷಿನ್ ಕೆಲಸಕ್ಕೆ ಸೇರಿದ. ಬ್ಯಾಂಡು ಅಲ್ಲಿಗೆ ಮುಗಿಯಿತು. ಡ್ರಮ್ ಸೆಟ್ಟು ಷೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಕೂತಿತು.

ಷೆಡ್ಡು ಗಂಡನದು. ಗುದ್ದಿಸಿಕೊಂಡ ಕಾರುಗಳ ನೆಗ್ಗು ತೆಗೆಯುವ ಕೆಲಸ. ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಕೊಟ್ಟು ಮುಂದಿನಿಂದ ಸುತ್ತಿಗೆಯಲ್ಲಿ ಬಡಿಯುತ್ತಾ ಹೋದರೆ ಮುಖ ಕೆಟ್ಟ ಕಾರು ಮತ್ತೆ ಕಾರಿನ ಹಾಗಾಗುತ್ತದೆ. ಆ ಬೀದಿಯಲ್ಲಿ ಅವನನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಅರ್ಧ, ಸ್ವಭಾವಕ್ಕೆ ಅರ್ಧ. ಜೊತೆಗೆ ಕಾರಿಗೆ ಬಣ್ಣ ಹೊಡೆಯುವ ಪೇಂಟರ್ ಒಬ್ಬನಿದ್ದ. ಅವನಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ನಮ್ಮ ಸುತ್ತಿಗೆ ಕಾರಿನ ನೆಗ್ಗು ತೆಗೀತಾನೆ, ಜನಕ್ಕೆ ನೆಗ್ಗು ಹಾಕ್ತಾನೆ. ಎರಡು ಕಡೆಯಿಂದಲೂ ವ್ಯಾಪಾರ," ಎನ್ನುತ್ತಿದ್ದ. ಹೇಳಿ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ.

ಹಾಡಿಲ್ಲದೆ ಸುತ್ತಿಗೆಗೆ ಇರಲಾಗಲಿಲ್ಲ. ಇನ್ನೊಂದು ಗಿಟಾರು ತಂದ. ಆದರೆ ಬ್ಯಾಂಡಿನ ಪದ್ಧತಿ ಬದಲಾಯಿಸಿದ. ಈ ಸಲ ಬ್ಯಾಂಡಿನವನು ಅವನೊಬ್ಬನೇ. ಉಳಿದವರೆಲ್ಲ ನೆಂಟರು. ಒಂದು ಹಾಡಿಗೆ ಒಬ್ಬರು ಬರಬೇಕು, ನುಡಿಸಬೇಕು, ಹೋಗಬೇಕು. ಬಂದವರನ್ನು ಮತ್ತೆ ಕರೆಯುವಂತಿಲ್ಲ. ಯಾವ ಕಂಪನಿಯ ಹಂಗೂ ಇಲ್ಲ. ಷೆಡ್ಡಿನಲ್ಲೇ ಹಾಡಿ, ಫೋನಿನಲ್ಲೇ ಹಿಡಿದು, ಇಂಟರ್ನೆಟ್ಟಿಗೆ ಬಿಡುವುದು. ಒರಟು ಗಂಟಲು, ಕಿವಿ ಹರಿಯುವ ಗಿಟಾರು, ಹಿಂದೆ ತಗಡಿನ ಗದ್ದಲ. ಡ್ರಮ್ಮಿನ ಬದಲು ಸರಪಳಿಯಲ್ಲಿ ನೇತುಹಾಕಿದ ಹಳೆ ಕಾರಿನ ಬಾನೆಟ್ಟು.

ಬಾಸ್ ಗಿಟಾರಿಗೆ ಕ್ಷೌರಿಕ ಬಂದ. ತುತ್ತೂರಿಗೆ ನಿವೃತ್ತ ಹವಾಲ್ದಾರ. ಹಾಡಲು ಒಬ್ಬ ನರ್ಸು ಡ್ಯೂಟಿ ಮುಗಿಸಿಕೊಂಡು ಅದೇ ಬಟ್ಟೆಯಲ್ಲಿ ಬಂದಳು. ನೆಂಟರಿಗೆಂದೇ ಒಂದು ಮರದ ಸ್ಟೂಲು ಇತ್ತು. ಸುತ್ತಿಗೆಯೇ ಅದನ್ನು ಬಟ್ಟೆಯಿಂದ ಒರೆಸಿ ಹಾಕುತ್ತಿದ್ದ. ಕಪ್ಪು ಬಸಿ ಸಮೇತ ಟೀ. ಇಲ್ಲದ ನಗು ಮುಖಕ್ಕೆ ತಂದುಕೊಂಡು "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎನ್ನುತ್ತಿದ್ದ.

ಕ್ಷೌರಿಕ ಒಂದೇ ಜಾಗದಲ್ಲಿ ಮೇಲಿಂದ ಮೇಲೆ ತಪ್ಪಿದ. ಸುತ್ತಿಗೆಯ ಕತ್ತಿನ ನರ ಉಬ್ಬಿತು. ಪೇಂಟರ್ ಬಾಗಿಲ ಕಡೆ ಸರಿದ. ಸುತ್ತಿಗೆ ಗಿಟಾರು ಕೆಳಗಿಟ್ಟು ಹೊರಗೆ ಹೋದ. ಗುಜರಿಗೆ ಹಾಕಿದ್ದ ಕಾರಿನ ಬಾಗಿಲೊಂದು ಅಂಗಳದಲ್ಲಿ ಬಿದ್ದಿತ್ತು. ಅದನ್ನು ಬಡಿದ, ಬಡಿದ, ಮುದ್ದೆ ಮಾಡಿದ. ಕೈಯ ಚರ್ಮ ಸುಲಿದು ರಕ್ತ ಬಂತು. ಒಳಗೆ ಬಂದು, ಪ್ಯಾಂಟಿಗೆ ಒರೆಸಿಕೊಂಡು ಹೇಳಿದ: "ಇನ್ನೊಂದ್ಸಲ ನೋಡೋಣ್ವಾ ಸಾರ್? ಅವಸರ ಏನಿಲ್ಲ."

ಕ್ಷೌರಿಕ ಆಮೇಲೆ ತಪ್ಪಲಿಲ್ಲ.

"ನೆಂಟರ ಮೇಲೆ ಯಾರೂ ಕೈ ಎತ್ತೋದಿಲ್ಲ ಕಣೇ," ಎಂದು ಅವನು ಹೆಂಡತಿಗೆ ಹೇಳಿದ. "ನನ್ನಂಥವನೂ ಎತ್ತಲ್ಲ. ಅದಕ್ಕೇ ಯಾರನ್ನೂ ಎರಡನೇ ಸಲ ಕರಿಯಲ್ಲ. ಎರಡನೇ ಸಲ ಬಂದ್ರೆ ನಮ್ಮವರಾಗ್ತಾರೆ."

"ಹಾಗಾದ್ರೆ ನಾನೂ ನೆಂಟಳಾಗೇ ಬರಬೇಕಿತ್ತು," ಎಂದಳು ಅವಳು. "ಟೀ ಕುಡಿದು ಹೋಗ್ತಿದ್ದೆ."

ಅವಳ ದವಡೆ ಆ ದಿನ ಊದಿತ್ತು. ಅವನ ಹುಬ್ಬಿನ ಮೇಲೂ ಹೊಲಿಗೆ ಇತ್ತು. ಅವನು ಹೊಡೆದರೆ ಅವಳು ಸುಮ್ಮನೆ ತಿನ್ನುವವಳಲ್ಲ. ಕೈಗೆ ಸಿಕ್ಕಿದ್ದರಲ್ಲಿ ಕೊಡುತ್ತಿದ್ದಳು. ಹುಬ್ಬು ಸೀಳಿದ್ದು ಬಾಣಲೆಯ ಅಂಚು. ಇಬ್ಬರೂ ಆಸ್ಪತ್ರೆಯ ಒಂದೇ ಬೆಂಚಿನ ಮೇಲೆ ಕೂತು ಬಂದಿದ್ದರು. ಹಾಡಲು ಬಂದಿದ್ದ ನರ್ಸೇ ಹೊಲಿಗೆ ಹಾಕಿದ್ದು. "ನಮ್ಮೆದುರಿಗೆ ಎಷ್ಟು ಮೆತ್ತಗಿದ್ರಲ್ಲಾ," ಎಂದಳು ಅವಳು.

ಹಾಡುಗಳು ಬಂದವು, ನೆಂಟರು ಬಂದರು, ಹೋದರು. ಆದರೆ ಹೋಟೆಲಿನಲ್ಲಿ ನಡುವೆ ನಿಂತ ಆ ಹಾಡು ಹಾಗೇ ಉಳಿಯಿತು. ಅದನ್ನು ಮುಗಿಸಬೇಕು ಎಂಬುದೊಂದೇ ಅವನಿಗೆ. ಡ್ರಮ್ಮು ಬಾರಿಸುತ್ತೇವೆ ಎಂದು ಬಂದವರನ್ನು ವಾಪಸು ಕಳಿಸುತ್ತಿದ್ದ. ಟಾರ್ಪಾಲು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ತಮ್ಮ ಬಾರಿಸಬೇಕು, ಇಲ್ಲದಿದ್ದರೆ ಬೇಡ.

ಅದು ಅಣ್ಣ ತಮ್ಮ ಹುಡುಗರಾಗಿದ್ದಾಗ ಕಟ್ಟಿದ ಹಾಡು. ಅವರಪ್ಪ ಬೆಲ್ಟು ಬಿಚ್ಚಿದನೆಂದರೆ ಮನೆಯಲ್ಲಿ ಬೆಕ್ಕೂ ನಿಲ್ಲುತ್ತಿರಲಿಲ್ಲವಂತೆ. ಹಾಡಿನಲ್ಲಿ ಒಂದು ಸಾಲಿದೆ, 'ಹಿತ್ತಲ ಬಾಗಿಲು ತೆರೆದೇ ಇತ್ತು' ಎಂದು. ತಮ್ಮ ತಾಳ ಓಡಿಸುತ್ತಿದ್ದದ್ದು ಅಲ್ಲಿ.

"ಅಲ್ಲಿ ನಾವು ಓಡ್ತಿದ್ವಿ ಅಣ್ಣ," ಎನ್ನುತ್ತಿದ್ದನಂತೆ ತಮ್ಮ.

"ಓಡಿದ್ದು ನೀನು. ನಾನು ನಿಂತಿದ್ದೆ," ಎನ್ನುತ್ತಿದ್ದನಂತೆ ಅಣ್ಣ.

ಗಂಡನ ಬೆನ್ನು ನೋಡಿದವಳು ಅವಳು. ನಿಂತಿದ್ದವನು ಯಾರೆಂದು ಬೆನ್ನೇ ಹೇಳುತ್ತಿತ್ತು. ತಮ್ಮನ ಪಾಲಿನ ಬೆಲ್ಟಿನೇಟೂ ಅಲ್ಲೇ ಬಿದ್ದಿತ್ತು.

ಕೊನೆಗೆ ಅವಳೇ ಹೇಳಿದಳು. "ಕರೀರಿ ಅವನನ್ನ. ನೆಂಟರನ್ನ ಕರಿಯೋ ಹಾಗೇ ಕರೀರಿ. ಆಗ ನಿಮ್ಮ ಕೈ ಏಳೋದಿಲ್ಲ."

ಅವನು ಒಂದು ವಾರ ತಲೆ ಕೆರೆದುಕೊಂಡ. ಆಮೇಲೆ ಕರೆದ.

ಭಾನುವಾರ ಬೆಳಿಗ್ಗೆ ಮೈದುನ ಬಂದ. ಮೈ ತುಂಬಿಕೊಂಡಿದ್ದ. ಸೊಟ್ಟ ಕೈಯನ್ನು ಜೇಬಿನಲ್ಲಿಟ್ಟಿದ್ದ. ಬಾಗಿಲಲ್ಲಿ ಅತ್ತಿಗೆಯನ್ನು ನೋಡಿ, "ಇನ್ನೂ ಇದ್ದೀರಾ ಅತ್ತಿಗೆ? ನಾನಾಗಿದ್ರೆ ಬಾಣಲೆ ಜೊತೆ ತವರಿಗೆ ಹೋಗ್ತಿದ್ದೆ," ಎಂದ. ಬಾಣಲೆಯ ಸುದ್ದಿ ಪೇಂಟರ್ ಮುಟ್ಟಿಸಿರಬೇಕು. ಅವಳು ನಕ್ಕಳು. ಒಳ್ಳೆಯದಾಗುತ್ತದೆ ಅನ್ನಿಸಿತು.

ಸುತ್ತಿಗೆ ಟಾರ್ಪಾಲು ತೆಗೆದು ಡ್ರಮ್ಮು ಒರೆಸಿಟ್ಟಿದ್ದ. ತಮ್ಮನನ್ನು ಕಂಡವನು ತಬ್ಬಲಿಲ್ಲ, ಬೈಯಲಿಲ್ಲ. ಸ್ಟೂಲು ತಂದ. ಬಟ್ಟೆಯಿಂದ ಒರೆಸಿದ. ಬಸಿಯಲ್ಲಿ ಟೀ ಇಟ್ಟ. "ಕೂತ್ಕೊಳ್ಳಿ," ಎಂದ.

ತಮ್ಮನ ನಗು ಇಳಿಯಿತು. "ಯಾರಿಗೆ ಹೇಳ್ತಿದ್ದೀಯ?"

"ನಿಮಗೇ. ಕೂತ್ಕೊಳ್ಳಿ. ಅವಸರ ಏನಿಲ್ಲ."

"ನಿಮಗೇನಾ?" ತಮ್ಮ ಟೀಯನ್ನು ನೆಲಕ್ಕೆ ಎಸೆದ. ಬಸಿ ಒಡೆಯಿತು. "ಕೈ ಮುರಿದಾಗ ತಮ್ಮ ಆಗಿದ್ದೆ. ಈಗ ನೆಂಟನಾ ನಾನು?"

"ಇಲ್ಲಿಗೆ ಬರೋರೆಲ್ಲ ನೆಂಟರೇ," ಎಂದ ಅಣ್ಣ. ಕಲಿತದ್ದನ್ನು ಒಪ್ಪಿಸುವವನ ಹಾಗೆ ಹೇಳಿದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಹೊಡಿ," ಎಂದ ತಮ್ಮ. ಎದೆಗೆ ಗುದ್ದಿದ. "ಹೊಡಿಯೋ. ಬೇವಾರ್ಸಿಗಳಿಗೆಲ್ಲ ಸ್ಟೂಲು ಹಾಕ್ತೀಯಲ್ಲ, ನನಗೆ ಬೇಡ ಅದು. ಹೊಡಿ ನನಗೆ."

"ನೆಂಟರಿಗೆ ನಾನು ಹೊಡಿಯಲ್ಲ."

ತಮ್ಮ ಬಲಗೈ ಮುಷ್ಟಿಯಲ್ಲಿ ಮೂಗಿಗೆ ಕೊಟ್ಟ. ಮೂಗು ಪಕ್ಕಕ್ಕೆ ವಾಲಿತು. ರಕ್ತ ಅಂಗಿಯ ಮೇಲೆ ಸುರಿಯಿತು. ಅಣ್ಣ ಕೈ ಬಿಚ್ಚಲಿಲ್ಲ. ಇನ್ನೊಂದು ಬಿತ್ತು. ಹಲ್ಲು ನೆಲಕ್ಕೆ ಬಿತ್ತು. ಪೇಂಟರ್ ನಡುವೆ ಹೋಗಿ ಮೊಣಕೈ ತಿಂದು ಬಣ್ಣದ ಡಬ್ಬಗಳ ಮೇಲೆ ಬಿದ್ದ. ಅವಳು ಮೈದುನನ ಕೂದಲು ಹಿಡಿದು ಎಳೆದಳು. ಅವನು ಅವಳನ್ನು ಗೋಡೆಗೆ ತಳ್ಳಿದ. ಅಣ್ಣ ಬೀಳದ ಹಾಗೆ ಎಡಗೈಯಿಂದ ಮೇಜಿನ ಅಂಚು ಹಿಡಿದುಕೊಂಡ. ಮೇಜಿನ ಮೇಲೆ ಸುತ್ತಿಗೆ ಇತ್ತು. ತಮ್ಮ ಎತ್ತಿಕೊಂಡ. ಮೇಜಿನ ಮೇಲಿದ್ದ ಬೆರಳುಗಳಿಗೆ ಇಳಿಸಿದ.

ಅವಳಿಗೆ ಆ ಸದ್ದು ಗೊತ್ತಿತ್ತು. ಒಮ್ಮೆ ಮೈಕಿನಲ್ಲಿ ಕೇಳಿದ್ದಳು.

ಅಣ್ಣ ಕೂಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು, ಬಾಯಲ್ಲಿ ರಕ್ತ ತುಂಬಿಕೊಂಡು, "ಈಗ ಬಾರಿಸ್ತೀಯಾ?" ಎಂದು ಕೇಳಿದ. 'ಬಾರಿಸ್ತೀರಾ' ಎನ್ನಲಿಲ್ಲ. ತಮ್ಮ ಅಷ್ಟರಲ್ಲಿ ಸುತ್ತಿಗೆ ಎಸೆದು ಬಾಗಿಲು ದಾಟಿದ್ದ.

ಅಣ್ಣನ ಎಡಗೈಯ ಮೂರು ಬೆರಳು ಮತ್ತೆ ಮಡಚಲಿಲ್ಲ. ಗಿಟಾರು ಗೋಡೆಗೆ ಹೋಯಿತು. ನೆಂಟರೂ ನಿಂತರು. ಕೆಲಸ ಮಾತ್ರ ಬಿಡಲಿಲ್ಲ, ಬಲಗೈಯಲ್ಲಿ ಬಡಿಯುತ್ತಿದ್ದ. ಪೊಲೀಸಿಗೆ ಹೇಳೋಣ ಎಂದಳು ಅವಳು. "ಸುಮ್ಮನಿರು," ಎಂದ. ಅದಾದ ಮೇಲೆ ಅವಳ ಮೇಲೆ ಅವನ ಕೈ ಏಳಲಿಲ್ಲ. ಕೈ ನೋಯುತ್ತಿತ್ತೋ, ಮನಸ್ಸಿಗೇ ನಾಟಿತ್ತೋ, ಅವಳು ಕೇಳಲಿಲ್ಲ. ಬಾಣಲೆಯನ್ನು ಅಡುಗೆಗೆ ಮಾತ್ರ ಬಳಸಿದಳು.

ಒಂದು ಮಧ್ಯಾಹ್ನ ಊಟ ತೆಗೆದುಕೊಂಡು ಹೋದಾಗ ಷೆಡ್ಡಿನೊಳಗೆ ಅವನು ಒಬ್ಬನೇ ಹಾಡುತ್ತಿದ್ದ. ಫೋನು ಬಾನೆಟ್ಟಿನ ಮೇಲಿತ್ತು. ಅವಳು ಬಾಗಿಲಲ್ಲೇ ನಿಂತಳು. ಹಾಡು ಮುಗಿಸಿದವನು ಅವಳನ್ನು ನೋಡಿ, "ಹೋಗೇ, ರೆಕಾರ್ಡಿಂಗ್ ಕೆಟ್ಟು ಹೋಗುತ್ತೆ," ಎಂದ. ಅವಳು ಡಬ್ಬಿ ಇಟ್ಟು ಹೋದಳು.

ಅವನು ಸತ್ತದ್ದು ಮಂಗಳವಾರ. ಕಾರನ್ನು ಜಾಕಿನ ಮೇಲೆ ಎತ್ತಿ ಕೆಳಗೆ ಮಲಗಿ ಬಡಿಯುತ್ತಿದ್ದ. ಜಾಕು ಜಾರಿತು. ಎಡಗೈ ನೆಟ್ಟಗಿದ್ದಿದ್ದರೆ ಪಕ್ಕದ ಕಂಬ ಹಿಡಿದು ಹೊರಗೆ ಜಗ್ಗಿಕೊಳ್ಳುತ್ತಿದ್ದ ಎಂದ ಪೇಂಟರ್. ಕಂಬಕ್ಕೆ ಹತ್ತಿದ ಎಣ್ಣೆಯ ಗುರುತೂ ಹಾಗೇ ಹೇಳಿತು. ಹಿಡಿದಿದ್ದ. ಹಿಡಿತ ಸಿಕ್ಕಿರಲಿಲ್ಲ. ಎದೆ ಚಪ್ಪಟೆಯಾಗಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ, ಬೈಯಲು ಹೊರಟವನ ಹಾಗಿತ್ತು.

ಹೆಣ ತೆಗೆದ ಮೇಲೆ ಅವಳು ಸುತ್ತಿಗೆ ಎತ್ತಿಕೊಂಡಳು. ಆ ಕಾರಿನ ಗಾಜು ಒಡೆದಳು, ದೀಪ ಒಡೆದಳು, ಅವನು ಆ ಬೆಳಿಗ್ಗೆಯಷ್ಟೇ ಸರಿಮಾಡಿದ್ದ ಬಾಗಿಲನ್ನು ಬಡಿದು ಒಳಗೆ ತಳ್ಳಿದಳು. ಕಾರಿನವನು ನಿಂತು ನೋಡಿದ. ಪೇಂಟರೂ ತಡೆಯಲಿಲ್ಲ. ತೋಳು ಸೋತಾಗ ಕೂತಳು. ಅಳು ಬಂದದ್ದು ಆಗ.

ಮೈದುನ ಮಣ್ಣಿಗೆ ಬರಲಿಲ್ಲ. ಎಲ್ಲ ಮುಗಿದು, ಜನ ಹೋಗಿ, ಅವಳು ಷೆಡ್ಡು ಗುಡಿಸುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತ. ಮುಖ ಬಾಡಿತ್ತು. ಮೇಜಿನ ಮೇಲಿನ ಸುತ್ತಿಗೆ ತೆಗೆದು ಅವಳ ಕೈಗೆ ಕೊಟ್ಟ. ಮಂಡಿಯೂರಿ, ಸೊಟ್ಟ ಕೈಯನ್ನು ನೆಲದ ಮೇಲಿಟ್ಟ. ಪಕ್ಕದಲ್ಲಿ ಇನ್ನೊಂದು ಕೈಯನ್ನೂ ಇಟ್ಟ.

"ಹೊಡೀರಿ ಅತ್ತಿಗೆ. ಪೇಂಟರ್ ಎಲ್ಲ ಹೇಳಿದ. ಕಂಬದ ವಿಷಯ ಹೇಳಿದ."

ಅವಳ ಕೈಯಲ್ಲಿ ಸುತ್ತಿಗೆ ಭಾರವಾಗಿತ್ತು. ಹೊಡೆಯಬೇಕೆಂದು ತೋಳು ಬೇಡಿತು. ಬೆರಳು ಯಾವುದು, ಗೆಣ್ಣು ಯಾವುದು ಎಂದು ಕಣ್ಣು ಆರಿಸಿತು. ಹೊಡೆದರೆ ಇವನು ಎದ್ದು ಹಗುರಾಗಿ ಹೋಗುತ್ತಾನೆ, ಅದು ಅವಳಿಗೆ ಗೊತ್ತಿತ್ತು. ಈ ಮನೆಯಲ್ಲಿ ಎಲ್ಲರೂ ಹೊಡೆದೇ ನಮ್ಮವರಾದದ್ದು. ಅಪ್ಪ ಹಾಗೆ, ಅಣ್ಣ ಹಾಗೆ, ಇವನು ಹಾಗೆ, ಬಾಣಲೆ ಹಿಡಿದವಳೂ ಹಾಗೆ.

ಸುತ್ತಿಗೆಯನ್ನು ಅದರ ಮೊಳೆಗೆ ತೂಗುಹಾಕಿದಳು. ಸ್ಟೂಲು ತಂದಳು. ಸೆರಗಿನಿಂದ ಒರೆಸಿದಳು. ಟೀ ಕಾಸಿ ಬಸಿ ಸಮೇತ ಇಟ್ಟಳು.

"ಕೂತ್ಕೊ," ಎಂದಳು.

"ಬೇಡ ಅತ್ತಿಗೆ. ಇದೊಂದು ಬೇಡ." ಅವನು ಮಗುವಿನ ಹಾಗೆ ಅತ್ತ. "ಬೈಯಿರಿ. ಏನಾದ್ರೂ ಮಾಡಿ."

"ಇನ್ನು ಇಲ್ಲಿ ಹೊಡೆತ ಇಲ್ಲ. ಬೇಕಿದ್ರೆ ಕೂತ್ಕೊ, ಬೇಡದಿದ್ರೆ ಬಾಗಿಲು ಅಲ್ಲಿದೆ."

ಅವನು ಬಹಳ ಹೊತ್ತು ನೆಲದಲ್ಲೇ ಇದ್ದ. ಟೀ ಕೆನೆಗಟ್ಟಿತು. ಆಮೇಲೆ ಎದ್ದು ಸ್ಟೂಲಿನ ಅಂಚಿನಲ್ಲಿ ಕೂತ. ತಣ್ಣಗಾದ ಟೀಯನ್ನು ಬಸಿಗೂ ಬಗ್ಗಿಸದೆ ಒಂದೇ ಗುಟುಕಿಗೆ ಕುಡಿದ. ಅವಳು ಗಂಡನ ಫೋನು ತಂದು, ಅವನು ಕೊನೆಗೆ ಹಿಡಿದದ್ದನ್ನು ಹಾಕಿದಳು. ಅವಳೂ ಅದನ್ನು ಅದುವರೆಗೆ ಪೂರ್ತಿ ಕೇಳಿರಲಿಲ್ಲ.

ಗಿಟಾರು ಇಲ್ಲ. ಒರಟು ಗಂಟಲು, ಬಾನೆಟ್ಟಿನ ಮೇಲೆ ಬಲಗೈಯ ತಟ್ಟು. ಬೆಲ್ಟಿನ ಸಾಲು ಬಂತು, ಬೆಕ್ಕಿನ ಸಾಲು ಬಂತು. 'ಹಿತ್ತಲ ಬಾಗಿಲು ತೆರೆದೇ ಇತ್ತು' ಎಂದು ಹಾಡಿದ.

ಅಲ್ಲಿ ತಟ್ಟು ಓಡಿತು. ಸರಿಯಾಗಿ ಅದೇ ಜಾಗದಲ್ಲಿ, ತಮ್ಮ ಓಡಿಸುತ್ತಿದ್ದ ಹಾಗೆಯೇ. ಒಂಟಿ ಕೈಗೆ ಆ ಓಟ ಕಷ್ಟ. ಉಸಿರು ಕಟ್ಟಿದ್ದು ಕೇಳುತ್ತಿತ್ತು. ಆದರೂ ನಿಲ್ಲಿಸಿರಲಿಲ್ಲ. ಹಾಡು ಮುಗಿದ ಮೇಲೆ ಅವನ ಮಾತು: "ಹೋಗೇ, ರೆಕಾರ್ಡಿಂಗ್ ಕೆಟ್ಟು ಹೋಗುತ್ತೆ."

ಮೈದುನ ಎದ್ದ. ಸ್ಟೂಲನ್ನು ಅವನೇ ಎತ್ತಿ ಡ್ರಮ್ಮಿನ ಹಿಂದೆ ಹಾಕಿಕೊಂಡ. ಕಡ್ಡಿ ಹುಡುಕಿದ, ಸೊಟ್ಟ ಕೈಗೆ ಒಂದನ್ನು ಸಿಕ್ಕಿಸಿಕೊಂಡ.

"ಮೊದಲಿನಿಂದ ಹಾಕಿ ಅತ್ತಿಗೆ," ಎಂದ.

ಅವಳು ಹಾಕಿದಳು.