ಪರಹೇಜಿ ಊಟದ ಪಂಕ್ತಿ

ಸರಕಾರದ ಫಸಲಿ ತಾರೀಖು ಎಡಗಡೆ, ನಮ್ಮ ತಿಥಿ ಬಲಗಡೆ. ಹೀಗೆ ದಿನಚರಿಯಲ್ಲಿ ದಿನಕ್ಕೊಂದು ಪುಟ ಬರೆಯುತ್ತೇನೆ. ಇಸ್ಫಂದಾರ್ ತಿಂಗಳ, ಅಂದರೆ ನಮ್ಮ ಮಾಘದ, ಆ ಗುರುವಾರದ ಪುಟವನ್ನು ಮಾತ್ರ ಅಂದೇ ಬರೆಯಲಾಗಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಈಗ ಬರೆಯುತ್ತಿದ್ದೇನೆ, ಸಿಟ್ಟು ಇಳಿದಿದೆ ಎಂದಲ್ಲ.

ಅವತ್ತು ಶಹಾಪುರದಲ್ಲಿ ನನ್ನ ಗೆಳೆಯನ ಅಕ್ಕನ ಮದುವೆ. ನಾವು ಲಿಂಗಾಯತರು, ಅರಿವೆ ಅಂಗಡಿಯವರು. ಅವರು ಮುಸಲ್ಮಾನರು, ಎರಡು ಓಣಿ ಆಚೆಯವರು. ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲೇ. ಅವನು ನನಗೆ ಉರ್ದು ತಿದ್ದಿಸಿದ, ನಾನು ಅವನಿಗೆ ಲೆಕ್ಕ ಹೇಳಿಕೊಟ್ಟೆ. ಅವನ ತಂದೆ ತಹಸೀಲು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಾನು ಅವರನ್ನು ಚಾಚಾ ಎಂದು ಕರೆಯುತ್ತಿದ್ದೆ. ನಮ್ಮ ಅಂಗಡಿಯ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದವರು ಅವರೇ. ಅಪ್ಪನ ತಮ್ಮ, ನಮ್ಮ ಕಾಕಾ, ಆ ಅರ್ಜಿಗಳನ್ನು ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಕೈಮುಗಿದು ಕಚೇರಿಗೆ ಒಯ್ಯುತ್ತಿದ್ದರು.

ಮುಸಲ್ಮಾನರು ಮದುವೆಗೆ ನಮ್ಮವರನ್ನು ಕರೆದರೆ ಪರಹೇಜಿ ಊಟ ಹಾಕಿಸುವುದು ನಮ್ಮ ಕಡೆಯ ರೂಢಿ. ಬೇರೆ ಒಲೆ, ಹೊಸ ಗಡಿಗೆ, ಅಡುಗೆಗೆ ನಮ್ಮವರೇ. ಕರೆದ ಮನೆಯವರು ಒಲೆಯ ಹತ್ತಿರ ಸುಳಿಯುವಂತಿಲ್ಲ. ಚಾಚಾ ಸುರಪುರದಿಂದ ನಮ್ಮ ಜಂಗಮ ಸ್ವಾಮಿಯೊಬ್ಬನನ್ನು ಅಡುಗೆಗೆ ಕರೆಸಿದರು. ಅಂಗಳದ ಕೊನೆಯ ಬೇವಿನ ಮರದ ಕೆಳಗೆ ಒಲೆ ಹೂಡಿಸಿದರು. ನೀರು ನಮ್ಮ ಓಣಿಯ ಬಾವಿಯದೇ ಆಗಬೇಕೆಂದು ನಮ್ಮವರು ಹೇಳಿದಾಗ ನಮ್ಮವರ ಬಂಡಿಯನ್ನೇ ಗೊತ್ತು ಮಾಡಿದರು. ನಮ್ಮ ಹಿರಿಯರು ಒಂದೊಂದೇ ಷರತ್ತು ಹಾಕುತ್ತ ಹೋದರು, ಅವರು ಎಲ್ಲದಕ್ಕೂ ಹೂಂ ಎನ್ನುತ್ತ ಹೋದರು. ಯಾಕೆಂದರೆ, “ನಮ್ಮ ಊರಿನ ಹಿರೇರೆಲ್ಲ ನಮ್ಮ ಅಂಗಳದಾಗ ಉಣ್ತಾರ” ಎಂದು ಯಾದಗಿರಿಯ ಬೀಗರ ಮುಂದೆ ಹೆಮ್ಮೆಯಿಂದ ಹೇಳಿಬಿಟ್ಟಿದ್ದರು. ಆ ಮಾತು ಉಳಿದರೆ ಅವರಿಗೆ ಸಾಕಿತ್ತು.

ನಮ್ಮವರು ಪಂಕ್ತಿಗೆ ಕೂತಾಗಿತ್ತು. ಸಾರಿಗೆ ನೀರು ಸಾಲದೆಂದು ಸ್ವಾಮಿ ಕೂಗಿದ. ಬಂಡಿಯವನು ಇನ್ನೂ ಎತ್ತು ಬಿಚ್ಚುತ್ತಿದ್ದ. ಮದುವೆ ಮನೆಯ ಅವಸರ. ಗೆಳೆಯ ಬಂಡಿಯಿಂದ ಒಂದು ಕೊಡ ಹೆಗಲಿಗೇರಿಸಿ ಒಲೆಯ ತನಕ ತಂದು ಇಳಿಸಿಬಿಟ್ಟ. ಕಾಕಾ ನೋಡಿದರು.

“ಸ್ವಾಮಿ, ಆ ನೀರು ಯಾರು ತಂದ್ರಿ?”

“ಒಲಿ ಊದಾಕತ್ತಿದ್ನಿರಿ. ಹೊಗಿ ಕಣ್ಣಾಗ ಹೊಕ್ಕಿತ್ತು. ನನಗೇನೂ ಕಾಣ್ಲಿಲ್ಲ.”

ಯಾರೋ ನಕ್ಕರು. ಕಾಕಾ ನಗಲಿಲ್ಲ. “ನಾವು ಮನ್ಯಾಗ ಉಂಡ ಬಂದೇವ್ರಿ. ಎಲಿ ಅಡಿಕಿ ಕೊಡ್ರಿ, ಸಾಕು,” ಎನ್ನುತ್ತ ಎದ್ದರು. ಹಿಂದೆಯೇ ಇಡೀ ಸಾಲು ಎದ್ದಿತು. ಬೀಗರು ಚಪ್ಪರದೊಳಗಿಂದ ನೋಡುತ್ತಿದ್ದರು. ಚಾಚಾ ಕೈಮುಗಿದು ನಿಂತೇ ಇದ್ದರು.

ಉಂಡು ಬಂದಿದ್ದರಂತೆ! ಮದುವೆಯ ಊಟವಿದೆ ಎಂದು ನಮ್ಮ ಮನೆಯಲ್ಲಿ ಬೆಳಗ್ಗೆಯಿಂದ ಒಲೆಯನ್ನೇ ಹಚ್ಚಿರಲಿಲ್ಲ.

ನಾನು ಏಳಲಿಲ್ಲ.

“ಏಳಲೇ,” ಎಂದರು ಕಾಕಾ.

“ಅವರು ಬರೆದ ಅರ್ಜಿ ದೇವರ ಜಗಲಿ ಮ್ಯಾಲ ನಡೀತದ, ಅವರ ಮಗ ಹೊತ್ತ ನೀರು ನಡ್ಯಾಂಗಿಲ್ಲೇನು ಕಾಕಾ?”

“ಅದು ಕಾಗದ, ಇದು ಹೊಟ್ಟಿ. ಬಾಯಿ ಮುಚ್ಚು.”

ಚಾಚಾ ನನ್ನ ಹತ್ತಿರ ಬಂದು ಬಾಗಿದರು. “ಏಳು ಬೇಟಾ. ನಮ್ಮ ಸಲುವಾಗಿ ನಿಮ್ಮ ಮನ್ಯಾಗ ಜಗಳ ಬ್ಯಾಡ.”

ಅವರ ಸಹನೆ ಕಂಡು ನನ್ನ ಸಿಟ್ಟು ಇನ್ನೂ ಏರಿತು. “ಹಸಿವಾಗ್ಯಾದ್ರಿ ಚಾಚಾ,” ಎಂದೆ.

ಕಾಕಾ ಉಳಿದವರನ್ನು ಕರೆದುಕೊಂಡು ಹೊರಟುಹೋದರು. ಗೆಳೆಯ ಸ್ವಾಮಿಯ ಕೈಯಿಂದ ಸೌಟು ಕಿತ್ತುಕೊಂಡು, ನನ್ನ ಎಲೆಗೆ ಅನ್ನ ಬಡಿದ.

“ಉಣ್ಣು! ಎಲ್ಲಿ ನಿಂದರಬೇಕು, ಏನು ಮುಟ್ಟಬಾರದು, ನಿಮ್ಮ ರೂಢಿ ಎಲ್ಲಾ ನಾ ಕಲ್ತೀನಿ. ನೀ ಇಷ್ಟು ವರ್ಷ ನಮ್ಮ ಮನಿಗೆ ಬರ್ತಿ, ಕಟ್ಟಿ ದಾಟಿ ಒಳಗ ಬಂದೀಯೇನು? ಒಂದು ರೊಟ್ಟಿ ತಿಂದೀಯೇನು?”

“ಯಾವತ್ತರ ಕರದೀಯೇನಲೇ?”

“ಕರದ್ರ ಬರಾಂವ ಇದ್ದೇನು?”

“ಖಂಡ ತಿನ್ನಾಂಗಿಲ್ಲ. ರೊಟ್ಟಿ ತಿಂತೀನಿ. ನಾಳಿ ಮುಂಜಾನಿ ಬರ್ತೀನಿ.”

ಅವನು ನನ್ನ ಎದುರಿಗೇ, ಖಾಲಿ ಬಿದ್ದಿದ್ದ ಎಲೆಗೆ ತಾನೂ ಬಡಿಸಿಕೊಂಡು ಕೂತ. ಇಬ್ಬರೂ ಉಂಡೆವು. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಆದರೂ ಎಲೆ ಖಾಲಿ ಮಾಡಿದೆವು.

ಶುಕ್ರವಾರ ಬೆಳಗ್ಗೆ ಕಟ್ಟೆಯ ಮೇಲೆ ಕೂಡದೆ ನೇರ ಅವರ ಅಡುಗೆಮನೆಗೆ ಹೋದೆ. ಗೆಳೆಯನ ತಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಿ ಕೇಳಿದರು: “ನಿಮ್ಮ ಅವ್ವಗ ಹೇಳಿ ಬಂದೀಯೇನಪಾ?”

“ಇಲ್ರಿ ಚಾಚಿ.”

“ಮೊದಲ ಹೇಳಿ ಬಾ. ನನ್ನ ರೊಟ್ಟಿ ಏನು ಕಳ್ಳಮಾಲ ಅಲ್ಲ, ಕದ್ದು ತಿನ್ನಾಕ.”

ಮನೆಗೆ ತಿರುಗಿ ಬಂದೆ. ಅವ್ವ ಅಂಗಳ ಸಾರಿಸುತ್ತಿದ್ದಳು, ಕಾಕಾ ಬಾಗಿಲಲ್ಲಿ ಕೂತು ಬೇವಿನ ಕಡ್ಡಿ ಅಗಿಯುತ್ತಿದ್ದರು. ಇಬ್ಬರಿಗೂ ಕೇಳುವಂತೆ ಹೇಳಿದೆ: “ಅವ್ವಾ, ಚಾಚಿ ಮನ್ಯಾಗ ರೊಟ್ಟಿ ತಿನ್ನಾಕ ಹೊಂಟೀನಿ.”

“ತಿಂದು ಈ ಹೊಸ್ತಿಲ ತುಳೀಬ್ಯಾಡ,” ಎಂದರು ಕಾಕಾ.

ಅವ್ವ ಸಾರಿಸುತ್ತಲೇ ಇದ್ದಳು. ಮೈದುನನಿಗೆ ಎದುರಾಡಿದವಳಲ್ಲ. ನಾನು ಒಳಗೆ ಹೋಗಿ ನನ್ನ ತಾಟು ಎತ್ತಿಕೊಂಡು ಬಂದಾಗ ಮಾತ್ರ ಸಗಣಿಯ ಕೈಯನ್ನೇ ಅಡ್ಡ ಹಿಡಿದಳು.

“ತಾಟು ಯಾಕ ಒಯ್ತಿ? ಆ ತಾಯಿ ಮಾರಿಗೆ ಹೊಡದಾಂಗ ಆಗ್ತದ. ಅವರ ತಾಟಿನ್ಯಾಗ ಉಣ್ಣು.”

ಕಾಕಾ ಕಡ್ಡಿ ಉಗಿದು ಕೂಗಾಡತೊಡಗಿದರು. ತಾಟನ್ನು ಅವರ ಪಕ್ಕದಲ್ಲೇ ಇಟ್ಟು, ಬರಿಗೈಯಲ್ಲಿ ಓಣಿಗೆ ಇಳಿದೆ.