ಗೋಡೆ ಬಡಿಯದ ಭಾನುವಾರ

ನಮ್ಮ ಬೀದಿಯಲ್ಲಿ ಅಕ್ಕಪಕ್ಕದ ಎರಡು ಮನೆಗಳಿಗೆ ಒಂದೇ ಗೋಡೆ. ತಮಿಳು ಸೀಮೆಗೆ ಬಂದು ನೆಲೆಸಿದ ಕನ್ನಡದ ನೇಕಾರರು ಕಟ್ಟಿಕೊಂಡ ಬೀದಿ ಅದು. ಮಗ್ಗಕ್ಕೇ ಜಾಗ ಸಾಲದಿರುವಾಗ ಗೋಡೆಗೆ ಯಾರು ಜಾಗ ಕೊಡುತ್ತಾರೆ? ಗೋಡೆಯ ಆಚೆ ಅತ್ತೆ, ಈಚೆ ನಾನು. ಮಕ್ಕಳಿಲ್ಲದ ಅವಳು ಮಾವ ತೀರಿಹೋದ ಮೇಲೆ ಒಬ್ಬಳೇ, ಅಪ್ಪ ಅಮ್ಮ ಹೋದ ಮೇಲೆ ನಾನೂ ಒಬ್ಬಳೇ. ನನಗೆ ಮದುವೆಯಾಗಿಲ್ಲ. ಯಾಕೆ ಆಗಲಿಲ್ಲ ಎನ್ನುವುದು ಬೀದಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು, ಬೇಕಾದವರು ಅವರನ್ನೇ ಕೇಳಬಹುದು.

ದಿನಾ ಬೆಳಿಗ್ಗೆ ಕಾಫಿಗೆ ನೀರಿಡುವ ಹೊತ್ತಿಗೆ ಅತ್ತೆ ಲಟ್ಟಣಿಗೆಯಿಂದ ಗೋಡೆಗೆ ಬಡಿಯುತ್ತಿದ್ದಳು. ಇದ್ದೀಯಾ ಎಂದು ಅದರ ಅರ್ಥ. ನಾನು ಸೌಟಿನಿಂದ ತಿರುಗಿ ಬಡಿಯಬೇಕು: ಇದ್ದೇನೆ, ಸುಮ್ಮನಿರು. ತಡವಾದರೆ ಎರಡನೆಯ ಬಡಿತಕ್ಕೆ ನನ್ನ ಅಡುಗೆಮನೆಯ ಸುಣ್ಣ ಉದುರುತ್ತಿತ್ತು.

ಅವಳು ನನಗೆ ಅತ್ತೆಯಾದದ್ದು ನಾನು ಹುಟ್ಟುವುದಕ್ಕೂ ಮುಂಚೆ. ತಂದೆ ತಾಯಿ ಇಲ್ಲದ ಹುಡುಗಿ, ಯಾರೋ ಸಾಕಿ, ಯಾರೋ ನೋಡಿ, ಪಕ್ಕದ ಮನೆಗೆ ಸೊಸೆಯಾಗಿ ಬಂದಳು. ಅಪ್ಪ ಅವಳ ಕುಲ, ಅಂದರೆ ಗೋತ್ರ, ಕೇಳಿದರಂತೆ. ನಮ್ಮದೇ ಕುಲ. ನಮ್ಮಲ್ಲಿ ಒಂದೇ ಕುಲದವರೆಲ್ಲ ಒಡಹುಟ್ಟಿದವರ ಲೆಕ್ಕ. ಹಾಗಾದರೆ ನೀನು ನನ್ನ ತಂಗಿ ಎಂದುಬಿಟ್ಟರು ಅಪ್ಪ. ಬಾಯಿಮಾತಿಗೆ ಅಂದಿರಬಹುದು. ಆದರೆ ಅತ್ತೆ ಅದನ್ನು ರಿಜಿಸ್ಟರ್ ಆಫೀಸಿನಲ್ಲಿ ಬರೆದುಕೊಟ್ಟ ಹಾಗೆ ಹಿಡಿದುಕೊಂಡಳು. ಆವತ್ತಿನಿಂದ ನಮ್ಮ ಹಿತ್ತಲಿನ ಕರಿಬೇವು ಅವಳದು, ನಮ್ಮ ಉಪ್ಪಿನಕಾಯಿ ಅವಳದು. ಸಾಂಬಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂಬ ತೀರ್ಪೂ ಅವಳದು.

ದೀಪಾವಳಿಯ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ ನಮ್ಮ ಜಗಲಿಯ ಮೇಲೆ ಬಂದು ಕೂರುತ್ತಿದ್ದಳು. "ತವರಲ್ಲಿ ಈ ವರ್ಷ ಸೀರೆ ಉಂಟಾ ಇಲ್ವಾ?" ಅಪ್ಪ ಮಗ್ಗದಲ್ಲಿ ತಾವೇ ನೆಯ್ದದ್ದನ್ನು ಕೊಡುತ್ತಿದ್ದರು. ಅಪ್ಪ ಹೋದ ವರ್ಷ ಈ ಪದ್ಧತಿಯೂ ಹೋಗುತ್ತದೆ ಅಂದುಕೊಂಡಿದ್ದೆ. ಎಲ್ಲಿಂದ! ಬಂದು ಕೂತೇಬಿಟ್ಟಳು. ನಾನು ಪೀಳಮೇಡಿನ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು, ಮಗ್ಗದ ಮುಂದೆ ಕೂತವಳಲ್ಲ; ಹಾಗಾಗಿ ಅಂಗಡಿಯಿಂದ ತರತೊಡಗಿದೆ. ತಂದ ಪ್ರತಿಯೊಂದು ಸೀರೆಗೂ ಒಂದು ದೂರು. ಸೆರಗು ಗಿಡ್ಡ. ನೂಲು ಒರಟು. ಒಂದು ಸಲ, ನಾನು ಮೀನು ಮಾರ್ಕೆಟ್ ಇರುವ ಉಕ್ಕಡಂನಲ್ಲಿ ಬಸ್ಸು ಬದಲಾಯಿಸುತ್ತೇನೆಂದು ಗೊತ್ತಿದ್ದ ಒಂದೇ ಕಾರಣಕ್ಕೆ, ಸೀರೆಯನ್ನು ಮೂಗಿನ ಹತ್ತಿರ ಹಿಡಿದು, "ಮೀನ್ ನಾತ ಬರ್ತದೆ ಕಣ್ಣು" ಅಂದಳು. ಕಣ್ಣು ಎನ್ನುವುದು ನಮ್ಮ ಕಡೆಯ ಮುದ್ದಿನ ಕರೆ. ಎಷ್ಟೇ ಬೈದರೂ ಕೊನೆಗೆ ಅದೊಂದನ್ನು ಸೇರಿಸುತ್ತಿದ್ದಳು, ತಿರುಗಿ ಬೈಯುವುದಕ್ಕೆ ಆಗದ ಹಾಗೆ.

ಕಳೆದ ವರ್ಷ ದೀಪಾವಳಿಗೆ ಇನ್ನೂ ಕೆಲವು ವಾರ ಇದ್ದ ಒಂದು ಭಾನುವಾರ ಗೋಡೆ ಬಡಿಯಲಿಲ್ಲ.

ಮೊದಲು ಹಾಯೆನಿಸಿತು. ಆಮೇಲೆ ಹಾಲಿನ ಪ್ಯಾಕೆಟ್ ಅವಳ ಬಾಗಿಲಲ್ಲೇ ಬಿದ್ದಿರುವುದು ಕಂಡಿತು. ನಾನೇ ಸೌಟು ತಂದು ಗೋಡೆಗೆ ಬಡಿದೆ. ಜೋರಾಗಿ ಬಡಿದೆ. ನನ್ನ ಹತ್ತಿರ ಅವಳ ಮನೆಯ ಬೀಗದ ಕೈ ಇತ್ತು, ಅವಳ ಹತ್ತಿರ ನನ್ನದು. ಬಾಗಿಲು ತೆರೆದಾಗ ಅತ್ತೆ ಕುರ್ಚಿಯಲ್ಲಿ ಕೂತಿದ್ದಳು, ಟಿವಿ ಓಡುತ್ತಿತ್ತು. ಜ್ಯೋತಿಷಿಯೊಬ್ಬ ಅತ್ತೆಯ ರಾಶಿಗೆ ಇಂದು ಧನಲಾಭ ಎಂದು ಹೇಳುತ್ತಿದ್ದ. ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಉಸಿರು ನೋಡಿದೆ. ಇರಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ನಾನು ಮಾಡಿದ ಮೊದಲ ಕೆಲಸ ಟಿವಿ ಆರಿಸಿದ್ದು. ಎರಡನೆಯದು ಹಲ್ಲು ಹುಡುಕಿದ್ದು. ಅತ್ತೆಯ ಕಟ್ಟಿಸಿದ ಹಲ್ಲು ಲೋಟದ ನೀರಿನಲ್ಲಿರುತ್ತಿತ್ತು. "ನಾನ್ ಹೋದ್ರೆ ಮೊದ್ಲು ಹಲ್ಲ್ ಹಾಕು ಕಣ್ಣು, ಆಮೇಲೆ ಊರ್ ಕೂಗು. ಎದುರುಮನೆಯವ್ಳು ನನ್ ಬೊಚ್ಚು ಬಾಯಿ ನೋಡ್ಬಾರ್ದು" ಎಂದು ಎಷ್ಟೋ ಸಲ ಹೇಳಿದ್ದಳು. ಆಗೆಲ್ಲ ಸರಿ ಸರಿ ಎಂದು ತಲೆಯಾಡಿಸಿದ್ದೆ, ನಿಜವಾಗಿ ಹಾಕಬೇಕಾಗಿ ಬಂದಾಗ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ತಿರುಗಿಸಿ ತಿರುಗಿಸಿ ನೋಡಿದೆ. ದವಡೆ ಇನ್ನೂ ಬಿಗಿದಿರಲಿಲ್ಲ. ಹೇಗೋ ಕೂರಿಸಿದೆ. ಮುಖಕ್ಕೆ ಹಳೆಯ ಗತ್ತು ಬಂತು, ಈಗ ಬೈಯುತ್ತಾಳೇನೋ ಎನ್ನುವ ಹಾಗೆ.

ಆಮೇಲೆ ಆಂಬುಲೆನ್ಸಿಗೆ ಫೋನು ಮಾಡಿದೆ. ನಿಮಗೆ ಅವರು ಏನಾಗಬೇಕು ಎಂದು ಕೇಳಿದರು. ಪಕ್ಕದ ಮನೆಯವಳು ಅಂದೆ. ಆಂಬುಲೆನ್ಸಿನವರು ಬಂದು ನೋಡಿ, ಜೀವ ಹೋಗಿದೆ, ಅವರನ್ನು ನೋಡುತ್ತಿದ್ದ ಡಾಕ್ಟರನ್ನು ಕರೆಸಿ ಎಂದು ಹೇಳಿಹೋದರು. ಬೀದಿ ತುದಿಯ ಡಾಕ್ಟರು ಹಿಂದಿನ ವಾರವಷ್ಟೇ ಅತ್ತೆಯ ಬಿಪಿ ನೋಡಿ ಉಪ್ಪು ಬಿಡಿ ಎಂದಿದ್ದರು, ಅವಳು ಅವರನ್ನೇ ಬಿಡುತ್ತೇನೆ ಎಂದಿದ್ದಳು. ಅವರು ಬಂದು ನಿಧಾನವಾಗಿ ಪರೀಕ್ಷಿಸಿದರು. ನಿದ್ದೆಯಿಂದ ಎದ್ದವರು ಹಾಗೇ ಹೋಗಿದ್ದಾರೆ, ಹೃದಯ ನಿಂತಿದೆ, ಸಂಶಯಪಡುವಂಥದ್ದು ಏನೂ ಇಲ್ಲ ಎಂದು ಸರ್ಟಿಫಿಕೇಟ್ ಬರೆದುಕೊಟ್ಟರು. ಹಾಗಿಲ್ಲದಿದ್ದರೆ ಪೊಲೀಸರಿಗೆ ತಿಳಿಸಬೇಕಾಗುತ್ತಿತ್ತಂತೆ. ಪೊಲೀಸರು ಬರದೆ ಇದ್ದದ್ದು ಅವರ ಪುಣ್ಯ. ಬಂದಿದ್ದರೆ ಅತ್ತೆ ಎದ್ದು ಕೂತು ಅವರ ಬೂಟು ಹೊರಗೆ ಬಿಡಿಸುತ್ತಿದ್ದಳು.

ಅಷ್ಟರಲ್ಲಿ ಬೀದಿ ಒಳಗೆ ಬಂದಿತ್ತು. ಕಾಲ್ಬೆರಳು ಕಟ್ಟಿ ಎಂದು ಒಬ್ಬರು, ಮೊದಲು ದೀಪ ಎಂದು ಇನ್ನೊಬ್ಬರು. ತಲೆ ದಕ್ಷಿಣಕ್ಕೆ ಎಂದು ಎಲ್ಲರೂ ಒಪ್ಪಿದರು, ದಕ್ಷಿಣ ಯಾವ ಕಡೆ ಎನ್ನುವುದರಲ್ಲಿ ಎರಡು ಪಕ್ಷವಾಯಿತು. ಯಾರೋ ಮೊಬೈಲಿನಲ್ಲಿ ದಿಕ್ಸೂಚಿ ತೆರೆದರು. ಪಕ್ಕದಲ್ಲಿ ಕಬ್ಬಿಣದ ಬೀರು, ಮುಳ್ಳು ಒಂದು ಕಡೆ ನಿಲ್ಲದು. ಹೀಗೆ ಅತ್ತೆಯನ್ನು ಎರಡು ಸಲ ತಿರುಗಿಸಿದರು. ಫ್ರೀಜರ್ ಬಾಕ್ಸ್ ತಂದವನು ಬಾಗಿಲಲ್ಲೇ ನಿಂತು, "ಏನುಂಗಕ್ಕಾ, ನಿಮ್ಗೆ ಇವ್ರು ಏನಾಗ್ಬೇಕು?" ಎಂದ. ಬೇಕಾದವರು ಅಂದೆ. ಹಾಗೆಂದರೆ ಏನು ಎಂಬಂತೆ ನೋಡಿದ. ನನಗೂ ಗೊತ್ತಿರಲಿಲ್ಲ.

ಮಾವನ ಅಣ್ಣನ ಮಗ ಆನೈಮಲೈಯಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದಾನೆ. ಫೋನು ಮಾಡಿದ ತಕ್ಷಣ ಹೊರಟು ಬಂದ. ಒಳ್ಳೆಯವನು, ಕೊಳ್ಳಿ ಇಡುವುದು ತನ್ನ ಪಾಲಿನ ಕೆಲಸ ಎಂದು ತಾನೇ ಹೇಳಿದ. ಗಂಡನ ಮನೆಯ ಕಡೆಯಿಂದ ಆಗಬೇಕಾದದ್ದೆಲ್ಲ ಸರಾಗವಾಗಿ ಆಯಿತು. ಸ್ನಾನವೂ ಆಯಿತು. ಆಗ ಬೀದಿಯ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು:

"ತವರ್ ಕೋಡಿ ಯಾರ್ದುಂಗ?"

ಹೆಣ್ಣು ಸತ್ತರೆ ಎತ್ತುವ ಮೊದಲು ತವರಿನವರು ಹೊಸ ಸೀರೆ ತಂದು ಹೊದಿಸಬೇಕು. ಅದೇ ಕೋಡಿ. ಉಳಿದವರು ತಂದದ್ದೆಲ್ಲ ಅದರ ಮೇಲೆ. ಅದಿಲ್ಲದೆ ಹೋದವಳನ್ನು ದಿಕ್ಕಿಲ್ಲದವಳು ಅನ್ನುತ್ತಾರೆ. ಸೀರೆ ನೆಯ್ಯುವ ಬೀದಿಯಲ್ಲಿ ಸೀರೆಗೇನು ಬರ? ಮನೆಮನೆಯಲ್ಲೂ ಇತ್ತು. ತವರು ಇರಲಿಲ್ಲ. ಅವಳಿಗೆ ಆ ಕಡೆ ಯಾರೂ ಇಲ್ಲ, ನಮ್ಮ ಮನೆಯದನ್ನೇ ಹೊದಿಸೋಣ ಎಂದು ಆನೈಮಲೈಯವನು ಮೆಲ್ಲಗೆ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಮ್ಮ ಜಗಲಿಯ ಮೇಲೆ ಬಂದು ಕೂತದ್ದು ಮತ್ತೆ ಯಾತಕ್ಕೆ?

"ನಮ್ದು," ಅಂದೆ.

ಹಿರಿಯರು ತಲೆ ಕೆರೆದುಕೊಂಡರು. "ಅದಲ್ಲ ಅಮ್ಮಿಣಿ. ನಿಮ್ಮಪ್ಪ ಇದ್ದಿದ್ರೆ ಸರಿ. ನಿಂಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಹೆಣ್ಣ್ ಮಗಳು ಹೆಂಗೆ ತವರಾಗ್ತಾಳೆ?"

"ಅತ್ತೆ ಬಂದು ಸೀರೆ ಕೇಳ್ತಿದ್ದ ಬಾಗ್ಲು ಯಾವ್ದುಂಗ? ಆ ಬಾಗ್ಲ ಬೀಗದ ಕೈ ನನ್ ಸೊಂಟದಲ್ಲಿ ಅದೆ. ಬೇರೆ ಯಾರಾದ್ರೂ ತವರು ಇದ್ರೆ ಬರ್ಲಿ, ಕೊಟ್ಬಿಡ್ತೀನಿ."

ಎದುರುಮನೆಯವಳು, ಅತ್ತೆಯ ಆಜನ್ಮ ವೈರಿ, ಹಿಂದಿನಿಂದ ಕೂಗಿದಳು: "ಬಿಡುಂಗ ಪೆರಿಯವ್ರೇ, ಇವ್ರಿಬ್ರು ಜಗಳ ಆಡಿದ್ದು ಕೇಳಿಲ್ವಾ ನೀವು? ಶೊಂತ ಸಂಬಂಧ ಇಲ್ದೆ ಹಂಗೆ ಜಗಳ ಬರ್ತದಾ?" ಕೆಲವರು ನಕ್ಕೇಬಿಟ್ಟರು. ಹಿರಿಯರು ಹೆಗಲಿನ ಟವೆಲ್ ಸರಿಮಾಡಿಕೊಂಡು, "ಹೋಗಿ ತಗೊಂಡ್ ಬಾ" ಅಂದರು.

ಸೀರೆ ಮನೆಯಲ್ಲೇ ಇತ್ತು, ಆ ದೀಪಾವಳಿಗೆಂದು ತಂದದ್ದು. ವಾರದ ಹಿಂದೆ ಅತ್ತೆ ಬಣ್ಣ ತಿಳಿದುಕೊಳ್ಳಲು ಬಂದಿದ್ದಳು. "ಬದನೆಕಾಯಿ ಕಲರ್ ಬೇಡ ಕಣ್ಣು. ಅದನ್ನ ಉಟ್ರೆ ನನ್ನೇ ಹಿಡ್ದು ಹುಳಿ ಕೊಳಂಬಿಗೆ ಹಾಕ್ಬುಡ್ತೀಯ ನೀನು." ನಾನು ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಇಷ್ಟವಾದ ಗಿಣಿ ಹಸಿರೇ ತಂದಿದ್ದೆ, ಒಳ್ಳೆಯ ನೂಲಿನದು, ಸೆರಗೂ ಉದ್ದ. ಆದರೆ ಅಂಗಡಿಯಲ್ಲಿ ದೊಡ್ಡ ಅಂಚಿನದು ಇದ್ದರೂ ಬೇಕೆಂದೇ ಸಣ್ಣ ಅಂಚಿನದನ್ನು ಆರಿಸಿದ್ದೆ. ಎಲ್ಲವೂ ಸರಿಯಿದ್ದರೆ ಅವಳು ಹಬ್ಬದ ದಿನ ಏನು ಮಾಡಬೇಕು ಪಾಪ? ದೂರುವುದಕ್ಕೆ ಒಂದಾದರೂ ಬೇಡವೇ?

ಬೀರುವಿನಿಂದ ತೆಗೆದು ತಟ್ಟೆಯಲ್ಲಿಟ್ಟು, ಹೂವು, ಅರಿಶಿನ ಕುಂಕುಮ ಇಟ್ಟು ನಮ್ಮ ಬಾಗಿಲಿನಿಂದ ಅವಳ ಬಾಗಿಲಿಗೆ ನಡೆದೆ. ಜನ ದಾರಿ ಬಿಟ್ಟರು. ಆನೈಮಲೈಯವನು ಸೀರೆಯ ಒಂದು ತುದಿ ಹಿಡಿದ, ಇನ್ನೊಂದನ್ನು ನಾನು ಹಿಡಿದೆ. ಹೊದಿಸಿ, ಅಂಚನ್ನು ಕುತ್ತಿಗೆಯ ಹತ್ತಿರ ನೇರ ಮಾಡಿ, ಪಕ್ಕದಲ್ಲೇ ನಿಂತೆ. ಅಲ್ಲಿಂದ ಸರಿಯಲಿಲ್ಲ. ಏನಾಯಿತು ಎಂದು ಹಿರಿಯರು ಕೇಳಿದರು. ಏನೂ ಆಗಿರಲಿಲ್ಲ. ಪ್ರತಿ ವರ್ಷದ ಅಭ್ಯಾಸ, ಕಾಯುತ್ತಿದ್ದೆ.

ಅವಳು ಏನೂ ಅನ್ನಲಿಲ್ಲ. ಹಲ್ಲು ಹಾಕಿಕೊಂಡು, ಗಿಣಿ ಹಸಿರು ಹೊದ್ದುಕೊಂಡು, ಇಷ್ಟು ಜನರ ಎದುರಿಗೆ, ಒಂದು ಮಾತೂ ಅನ್ನಲಿಲ್ಲ. ಆಗ ನನಗೆ ಅವಳು ಸತ್ತದ್ದು ಗೊತ್ತಾಯಿತು. ಬೆಳಗಿನಿಂದ ಇಷ್ಟೆಲ್ಲ ಓಡಾಡಿದವಳಿಗೆ ಆಗ ಗೊತ್ತಾಯಿತು.

ಬಗ್ಗಿ ಅವಳ ಕಿವಿಯ ಹತ್ತಿರ ನಾನೇ ಹೇಳಿದೆ: "ಅಂಚು ಸಣ್ಣದಾಯ್ತು ಅಲ್ವಾ ಅತ್ತೆ?"