ಸಕ್ಕರೆ ನೋಡುವ ನರ್ಸಬಾಯಿ

ನಮ್ಮ ಸಾರವಾಡದಲ್ಲಿ ಮನೆಮನೆಗೆ ಬಂದು, ಬೆರಳು ಚುಚ್ಚಿ ಸಕ್ಕರೆ ಕಾಯಿಲೆ ನೋಡುತ್ತಿದ್ದ ನರ್ಸಬಾಯಿ ಓಣಿಗೆ ಕಾಲಿಟ್ಟರೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಮೊದಲು ಊರಲ್ಲಿ ಯಾರಿಗೂ ಇರದ ಕಾಯಿಲೆ ಆಕೆಯ ಮಷೀನು ಹೊಕ್ಕ ಮನೆಯಲ್ಲೆಲ್ಲ ಹುಟ್ಟುತ್ತಿದೆ ಎಂದೇ ಜನ ನಂಬಿದ್ದರು. ಆಕೆ ಸಿಟ್ಟಾಗುತ್ತಿರಲಿಲ್ಲ. ಮುಚ್ಚಿದ ಬಾಗಿಲಿಗೇ, “ಒಂದ ಹನಿ ಅಷ್ಟರೀ” ಎನ್ನುತ್ತಿದ್ದಳು. ತೆರೆದವರ ಮನೆಯಲ್ಲಿ ಪಾಕದಂಥ ಚಹಾವನ್ನು ತಳದ ಸಕ್ಕರೆ ಸಮೇತ ಕುಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಆಕೆ ನಮ್ಮ ಮನೆಗೆ ಬಂದಾಗ ಅಪ್ಪ ಕೋಣೆ ಸೇರಿ, “ಆ ಮಷೀನ ಒಳಗ ತರಬ್ಯಾಡ್ರಿ!” ಎಂದು ಕೂಗಿದ.

“ಏನೂ ಆಗೂದಿಲ್ಲ ಕಾಕಾ, ನಾನ ಚುಚ್ಚಿಕೊಂಡು ತೋರಸ್ತೀನಿ ನೋಡ್ರಿ,” ಎಂದು ನಗುತ್ತ ತನ್ನ ಬೆರಳನ್ನೇ ಚುಚ್ಚಿಕೊಂಡಳು.

ಮಷೀನು ಕುಂಯ್ ಎಂದಿತು. ಆಕೆ ಅದನ್ನು ನೋಡಿದಳು. ಇನ್ನೊಂದು ಬೆರಳು ಚುಚ್ಚಿಕೊಂಡಳು. ಮತ್ತೆ ಕುಂಯ್ ಎಂದಿತು.

“ಎಷ್ಟ ಬಂತ್ರಿ ಬಾಯಾರ?” ಎಂದಳು ಅವ್ವ.

ಆಕೆ ಮಷೀನನ್ನು ಬೋರಲು ಹಾಕಿದಳು. ಅವ್ವ ಇಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಹೊರಗೆ ಯಾರದೋ ಬಾಗಿಲಿನ ಚಿಲಕ ಬಿದ್ದ ಸದ್ದು ಕೇಳಿಸಿತು.

ಅಪ್ಪನೇ ಕೋಣೆಯಿಂದ ಹೊರಬಂದ. ಆಕೆಯ ಮುಂದೆ ಕುಳಿತು ಬೆರಳು ಚಾಚಿದ. ಸೂಜಿ ಹಿಡಿದ ಆಕೆಯ ಕೈ ಮೇಲೇಳಲಿಲ್ಲ.

“ಚುಚ್ಚ ಯವ್ವಾ,” ಎಂದ ಅಪ್ಪ. “ಒಂದ ಹನಿ ಅಷ್ಟ.”